ನಲ್ಲೂರಿನ ಹುಣಸೆ ತೋಪು ಮತ್ತು ನಮ್ಮ ‘ಓಪನ್ ಮೈಂಡ್’

ಏರ್‌ಪೋರ್ಟಿಗೆ ಎಷ್ಟೋ ಸಲ ಹೋಗಿರ್ತೀರಿ. ಒಂದು ಭಾನುವಾರ ಇನ್ನೂ ಸ್ವಲ್ಪ ಮುಂದೆ, ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ಹೋಗಿ ನೋಡಿ. ಅಲ್ಲಿ ನಲ್ಲೂರು ಸಿಗುತ್ತೆ. ಸುಮಾರು 54 ಎಕರೆ ತೋಪು, ಹೆಚ್ಚುಕಡಿಮೆ 300 ಹುಣಸೆ ಮರಗಳು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದ ಜಾಗ ಇದು.

ಚೋಳರ ಕಾಲದ ತೋಪು ಅಂತ ಪ್ರತೀತಿ. ಕಾಂಡಗಳು ತಿರುಚಿಕೊಂಡು ಗಂಟುಗಂಟಾಗಿವೆ, ಕೆಲವು ಪೂರ್ತಿ ಪೊಳ್ಳು. ಆದರೂ ಮೇಲೆ ನೋಡಿದರೆ ಹಸಿರು. ‘ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ’ ಅನ್ನೋ ಗಾದೆ ಇಲ್ಲಿ ನಿಂತಾಗ ಚೆನ್ನಾಗಿ ಅರ್ಥವಾಗುತ್ತೆ.

“ಅಪ್ಪಟ ನಮ್ಮ ಮಣ್ಣಿನ ಮರ ಅಂದ್ರೆ ಇದು ಕಣೋ” ಅಂದ ಜೊತೆಗಿದ್ದ ಗೆಳೆಯ. ಹುಣಸೆಯ ಮೂಲ ಆಫ್ರಿಕಾ, ಅರಬರು ಇದನ್ನ ‘ಹಿಂದೂಸ್ತಾನದ ಖರ್ಜೂರ’ ಅಂತ ಕರೆದದ್ದರಿಂದಲೇ ಟ್ಯಾಮರಿಂಡ್ ಅನ್ನೋ ಹೆಸರು ಬಂತು ಅಂದೆ. “ಹೌದಾ? ಸಾರಿಗೆ ಬಿದ್ದ ಮೇಲೆ ಯಾವೂರಿನದಾದ್ರೇನು ಬಿಡು” ಅಂತ ನಕ್ಕ.

ಎರಡೇ ನಿಮಿಷದಲ್ಲಿ ಅಭಿಪ್ರಾಯ ಬದಲಾಯಿತು. ಯಾಕಂದ್ರೆ ಅದರಿಂದ ಅವನು ಕಳೆದುಕೊಳ್ಳೋದು ಏನೂ ಇರಲಿಲ್ಲ.

ವಾಪಸ್ ಬರುವಾಗ ಕಾರಲ್ಲಿ ಎದ್ದ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತ್ತು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು ಅಂತಲೂ ಸೇರಿಸಿದರು.

ಗೆಳೆಯನದು ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. “ಕೆಲಸ ಎಲ್ಲಿಂದ ಬರ್ಬೇಕು ಹೇಳು?” ಅಂದ. ಒಪ್ಪದ ರೈತನ ಭೂಮಿ ಕಿತ್ಕೋಬಾರದು ಅನ್ನೋದು ನನ್ನ ನಿಲುವು. “ನೀನು ಕೂತಿರೋ ಟೆಕ್ ಪಾರ್ಕ್ ಮುಂಚೆ ಏನಾಗಿತ್ತು?” ಅಂದ. ಹೊಲವೇ. ಅದಕ್ಕೆ ನನ್ನ ಹತ್ರ ಸುಲಭದ ಉತ್ತರ ಇರಲಿಲ್ಲ. ಮಾರಲು ಸಿದ್ಧವಿರುವ ರೈತನ ಮಾತೂ ಲೆಕ್ಕಕ್ಕೆ ಬರಬೇಕಲ್ವಾ ಅಂತ ಅವನೇ ಕೇಳಿದಾಗ, ಬರಬೇಕು ಅಂದೆ. ಕೊಡಲ್ಲ ಅಂದವನ ಮಾತು ಅಷ್ಟೇ ಗಟ್ಟಿಯಾಗಿ ನಿಲ್ಲಬೇಕು ಅಂದಾಗ ಅವನು ಸುಮ್ಮನಾದ.

ಆಫೀಸಲ್ಲಿ ನಾವೆಲ್ಲ ‘ಓಪನ್ ಮೈಂಡೆಡ್’. ಬೇರೆ ಊರಿನ ಊಟ, ಹೊಸ ಸಿನಿಮಾ, ಹೊಸ ಫ್ರೇಮ್‌ವರ್ಕ್, ಎಲ್ಲ ಓಕೆ. ಅದು ರುಚಿಯ ಮಾತಾಯಿತು. ನಮ್ಮ ಸಂಬಳ, ನಮ್ಮ ಅನುಕೂಲ ಅಲ್ಲಾಡುವ ಪ್ರಶ್ನೆಯನ್ನ ಪೂರ್ತಿ ಕೇಳಿಸ್ಕೊಳ್ತೀವಾ? ತೆರೆದ ಮನಸ್ಸು ಅಂದ್ರೆ ನಿಲುವೇ ಇಲ್ಲದಿರೋದಲ್ಲ. ನನ್ನ ನಿಲುವು ಈಗಲೂ ಅದೇ. ಆದರೆ ಅವನ ಪ್ರಶ್ನೆಯೂ ಈಗ ಅದರ ಜೊತೆಗಿದೆ.

ತೋಪಿಗೆ ಹೋದರೆ ನೀರು ಒಯ್ಯಿರಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ನಿಮಗಿಂತ ಬೇರೆ ಥರ ಯೋಚಿಸೋ ಒಬ್ಬರನ್ನ ಖಂಡಿತ ಕರ್ಕೊಂಡು ಹೋಗಿ.