ಫಲಕದ ಹಿಂದಿನ ಕೊಠಡಿ

ಊರಿನ ಪದವಿ ಕಾಲೇಜಿನಲ್ಲಿ ಪ್ರಾಂಶುಪಾಲರ ಕೊಠಡಿಗೂ ಶುಲ್ಕ ಕಟ್ಟುವ ಕಿಂಡಿಗೂ ನಡುವೆ ಒಂದು ಚಿಕ್ಕ ಕೊಠಡಿಯುಂಟು. ಹಿಂದೆ ಅದರಲ್ಲಿ ಮುರಿದ ಬೆಂಚುಗಳೂ ಗಾಳಿ ಹೋದ ಚೆಂಡುಗಳೂ ವಾಸವಾಗಿದ್ದುವು. ನ್ಯಾಕ್ ಸಮಿತಿ ಬರುವುದೆಂದು ತಿಳಿದ ವಾರ ಬೆಂಚುಗಳು ಹಿತ್ತಲಿಗೆ ಹೋದುವು. ಗೋಡೆಗೆ ಸುಣ್ಣ ಬಿತ್ತು. ಬಾಗಿಲ ಮೇಲೆ ‘ಆಪ್ತಸಲಹಾ ಕೇಂದ್ರ’ ಎಂಬ ಫಲಕ ಏರಿತು. ಸಮಿತಿಯವರು ಫಲಕವನ್ನು ಓದಿ, ತಲೆದೂಗಿ ಹೋದರು. ಕೇಂದ್ರದ ಮೊದಲನೆಯ ವರ್ಷದ ಕಾರ್ಯಕಲಾಪ ಅಲ್ಲಿಗೆ ಮುಗಿಯಿತು.

ಸಲಹೆಗಾರರಾದವರು ಅರ್ಥಶಾಸ್ತ್ರದ ಅಧ್ಯಾಪಕರು. ಅಧ್ಯಾಪಕವರ್ಗದಲ್ಲಿ ಎಲ್ಲರಿಗಿಂತ ಕಿರಿಯರೆಂಬುದೇ ಅವರ ಅರ್ಹತೆ. (ಒಲ್ಲೆನೆನ್ನುವ ಸ್ವಾತಂತ್ರ್ಯ ಕಿರಿಯರಿಗೆ ಯಾವ ಕಾಲೇಜಿನಲ್ಲಿದೆ?) ಅವರ ಕೈಗೊಂದು ದಾಖಲೆ ಪುಸ್ತಕ ಬಂದಿತು. ಅದರಲ್ಲಿ ನಾಲ್ಕು ಅಂಕಣ: ಹೆಸರು, ತರಗತಿ, ಸಮಸ್ಯೆ, ಪರಿಹಾರ. ಕೊನೆಯದರ ಅಗಲ ಎರಡು ಅಂಗುಲ. ಯಾವ ಮನುಷ್ಯನ ದುಃಖವಾದರೂ ಅಷ್ಟರೊಳಗೆ ತೀರಬೇಕೆಂಬುದು ಮುದ್ರಕನ ಅಭಿಪ್ರಾಯವಿದ್ದಿರಬೇಕು.

ವಿದ್ಯಾರ್ಥಿಗಳು ಬರಲಿಲ್ಲ. ಹೇಗೆ ಬಂದಾರು? ಶುಲ್ಕದ ಸಾಲಿನಲ್ಲಿ ನಿಂತವರೆಲ್ಲರ ಕಣ್ಣೆದುರಿಗೆ ಆ ಬಾಗಿಲನ್ನು ತಳ್ಳಿ ಒಳಹೊಕ್ಕವನು ಹೊರಬರುವಷ್ಟರಲ್ಲಿ ‘ಅವನಿಗೆ ತಲೆ ಸರಿಯಿಲ್ಲವಂತೆ’ ಎಂಬ ಸುದ್ದಿ ಹಾಸ್ಟೆಲನ್ನು ಮುಟ್ಟುವುದು ಖಂಡಿತ.

ಮೊದಲು ಬಂದವನು ಎರಡನೆಯ ವರ್ಷದ ಬಿ.ಎಸ್‌ಸಿ. ಹುಡುಗ. ಅವನೂ ತಾನಾಗಿ ಬಂದವನಲ್ಲ. ಹಾಜರಿ ಕಡಮೆಯೆಂದು ಹೇಳಿಕಳುಹಿಸಿ ಕರೆಸಿದ್ದರು. ಅಧ್ಯಾಪಕರು ಅರ್ಧ ಗಂಟೆ ಮಾತನಾಡಿದರು. ಛಲ, ಪರಿಶ್ರಮ, ಬೀದಿದೀಪದ ಕೆಳಗೆ ಓದಿ ಮುಂದೆ ಬಂದ ಮಹನೀಯರು, ಎಲ್ಲರೂ ಬಂದು ಹೋದರು. ಹುಡುಗ ‘ಆಗಲಿ ಸಾರ್’ ಎಂದು ಎದ್ದ. ಪರಿಹಾರದ ಅಂಕಣದಲ್ಲಿ ‘ಬುದ್ಧಿ ಹೇಳಲಾಯಿತು’ ಎಂದು ಬರೆದಾಯಿತು.

ಮೂರು ವಾರಗಳ ಮೇಲೆ ಜವಾನ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಆ ಹುಡುಗ ತನ್ನ ಪುಸ್ತಕ, ಗಡಿಯಾರ ಎಲ್ಲ ಸ್ನೇಹಿತರಿಗೆ ಕೊಟ್ಟುಬಿಡ್ತಾ ಇದಾನೆ ಸಾರ್. ಯಾಕಪ್ಪಾ ಅಂದರೆ ಸುಮ್ಮನೆ ನಗ್ತಾನೆ.”

ಅಧ್ಯಾಪಕರು ಅವನನ್ನು ಈ ಸಲ ಕೊಠಡಿಗೆ ಕರೆಸಲಿಲ್ಲ. ಸಂಜೆ ಗ್ರಂಥಾಲಯದ ಹಿಂದಿನ ಹೊಂಗೆಮರದ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಹೋಗಿ ಕುಳಿತರು. ಕೇಳಬೇಕಾದ ಪ್ರಶ್ನೆ ನಾಲಗೆಯ ತುದಿಯಲ್ಲಿಯೇ ನಿಂತಿತು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾದೀತೆಂಬುದು ಲೋಕದ ಭಯ. ಹಾಗಾಗುವುದಿಲ್ಲ, ನೇರವಾಗಿ ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು ಎಂಬುದು ಮನೋವೈದ್ಯರ ಅನುಭವ. ಅವರು ಕೇಳಿಯೇ ಕೇಳಿದರು: “ಬದುಕುವುದೇ ಬೇಡ ಅನ್ನಿಸುತ್ತದೇನಪ್ಪಾ?”

ಹುಡುಗ ಬಹಳ ಹೊತ್ತು ಅತ್ತನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನಿಗೆ ಇಂಗ್ಲಿಷಿನ ಭೌತಶಾಸ್ತ್ರ ಬಾಯಿಪಾಠಕ್ಕೆ ದಕ್ಕಿತ್ತೇ ಹೊರತು ಬುದ್ಧಿಗೆ ದಕ್ಕಿರಲಿಲ್ಲ. ಮೂರು ಪತ್ರಿಕೆಗಳಲ್ಲಿ ನಪಾಸು. ಮನೆಯಲ್ಲಿ ಪಾಸೆಂದು ಹೇಳಿದ್ದಾನೆ. ಹಾಸ್ಟೆಲಿನ ಹಣಕ್ಕಾಗಿ ಅಕ್ಕನ ಬಳೆಗಳು ಗಿರವಿಗೆ ಹೋಗಿವೆ. ‘ಇಷ್ಟಕ್ಕೆಲ್ಲಾ ಹೀಗೆ ಯೋಚಿಸುವರೆ?’ ಎಂಬ ಮಾತು ಅಧ್ಯಾಪಕರ ಗಂಟಲಿನವರೆಗೆ ಬಂದಿತ್ತು, ಅದನ್ನು ನುಂಗಿಕೊಂಡರು. ಅವರು ಆ ವರ್ಷ ಮಾಡಿದ ದೊಡ್ಡ ಕೆಲಸ ಅದೇ ಎನ್ನಬೇಕು.

“ಇದನ್ನು ಕಾಲೇಜಿನಲ್ಲಿ ಆಡಿಕೊಳ್ಳುವ ಮಾತಾಗಿ ಮಾಡುವುದಿಲ್ಲ. ಆದರೆ ನಿನ್ನ ಅಕ್ಕನಿಗೆ ತಿಳಿಯಲೇಬೇಕು, ನೀನು ಪಕ್ಕದಲ್ಲಿರುವಾಗಲೇ ಹೇಳೋಣ” ಎಂದರು. ಕಟ್ಟೆಯ ಮೇಲಿಂದಲೇ ೧೪೪೧೬ಕ್ಕೆ ದೂರವಾಣಿ ಮಾಡಿದರು. ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಅದು. ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಅತ್ತ ಕಡೆಯ ಹೆಣ್ಣು ದನಿ ಮೊದಲು ಊಟವಾಯಿತೆ ಎಂದು ಕೇಳಿತಂತೆ. ಆ ರಾತ್ರಿ ಗೆಳೆಯನೊಬ್ಬ ಅವನ ಕೋಣೆಯಲ್ಲಿ ಮಲಗಿದನು. ಬೆಳಗಿನ ಮೊದಲ ಬಸ್ಸಿಗೆ ಅಕ್ಕ ಬಂದಳು. ಬರಿಗೈ ನೋಡಿ ಹುಡುಗ ತಲೆ ತಗ್ಗಿಸಿದರೆ, “ಬಳೆ ಹೋದರೆ ಹೋಗ್ಲಿ ಕಣೋ, ನಡಿ” ಎಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದಳು.

ದೇಶದಲ್ಲಿ ೨೦೨೨ರ ಒಂದೇ ವರ್ಷ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು ೧೩,೦೪೪ ಎಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ತರಬೇತಾದ ಸಲಹೆಗಾರರೊಬ್ಬರಾದರೂ ಇರಬೇಕೆಂದು ೨೦೨೫ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಅರ್ಥಶಾಸ್ತ್ರದವರು ಆ ತೀರ್ಪಿನ ಪ್ರತಿಯನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟು ಬಂದಿದ್ದಾರೆ. ಕಡತ ನಡೆಯುತ್ತಿದೆ.

ಭೌತಶಾಸ್ತ್ರದ ಅಧ್ಯಾಪಕರು ವಾರಕ್ಕೆ ಎರಡು ಸಂಜೆ ಹುಡುಗನಿಗೆ ಕನ್ನಡದಲ್ಲಿ ಪಾಠ ಹೇಳಲೊಪ್ಪಿದರು. ಮುಂದಿನ ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ಪತ್ರಿಕೆ ಪಾಸಾಯಿತು. ಈ ಸಲ ಮನೆಗೆ ಇದ್ದುದನ್ನು ಇದ್ದಂತೆ ತಿಳಿಸಿದನು.

ವರ್ಷದ ಕೊನೆಯಲ್ಲಿ ಗುಮಾಸ್ತರು ದಾಖಲೆ ಪುಸ್ತಕವನ್ನು ತೆರೆದು, ತಾರೀಖಿನ ಮುಂದೆ ನಾಲ್ಕೂ ಅಂಕಣ ಬರಿದಾಗಿರುವುದನ್ನು ತೋರಿಸಿ ಆಕ್ಷೇಪಿಸಿದರು. “ಹೆಸರಾದರೂ ಬೇಡವೇ ಸಾರ್?”

“ಒಬ್ಬರು ಬಂದಿದ್ದರು ಎಂದು ಬರೆದುಕೊಳ್ಳಿ” ಎಂದರು ಅಧ್ಯಾಪಕರು.