ಅಚಲೆಯ ಚಲನೆ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಭೂಮಿಯ ಹೆಸರುಗಳು ಅಪರಿಚಿತವಲ್ಲ. ಅಚಲೆ, ಸ್ಥಿರೆ, ಧರಣಿ, ಸರ್ವಂಸಹೆ, ಕ್ಷಮೆ ಎಂದು ಪೂರ್ವಿಕರು ಆಕೆಯನ್ನು ಕರೆದರು. ಪರ್ವತಕ್ಕೂ ಅಚಲವೆಂದೇ ಹೆಸರು. ನಡೆಯದಿರುವುದರಿಂದ ಅದು ನಗ. ಆದರೆ ಅದೇ ಭಾಷೆಯಲ್ಲಿ ಲೋಕಕ್ಕೆ ಜಗತ್ತೆಂಬ ಹೆಸರೂ ಉಂಟು. ಸದಾ ಚಲಿಸುವುದರಿಂದ ಅದು ಜಗತ್ತು. ಒಂದೇ ವಸ್ತುವನ್ನು ನಿಂತುದೆಂದೂ ನಡೆಯುವುದೆಂದೂ ಕರೆದ ಈ ಶಬ್ದಸಂಪತ್ತಿನಲ್ಲಿ ವಿರೋಧವಿದೆಯೆಂದು ವಿದ್ಯಾರ್ಥಿಗೆ ತೋರುವುದು ಸಹಜ. ಆ ವಿರೋಧವು ನೋಡುವವನ ಕಾಲದ ಅಳತೆಯಿಂದ ಹುಟ್ಟಿದ್ದೆಂಬುದನ್ನು ಕಳೆದ ನೂರು ವರ್ಷಗಳ ಭೂವಿಜ್ಞಾನವು ತೋರಿಸಿಕೊಟ್ಟಿದೆ.

ಬೆಂಗಳೂರು ಗ್ರಾಮಾಂತರ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಭೂಮಿಯು ಅಚಲೆಯೆಂಬುದರಲ್ಲಿ ಸಂಶಯ ಹುಟ್ಟುವುದಕ್ಕೆ ಕಾರಣವೇ ಇಲ್ಲ. ನೆಲಮಂಗಲದ ಕಡೆಗೆ ಶಿವಗಂಗೆಯ ಏಕಶಿಲೆ, ದೊಡ್ಡಬಳ್ಳಾಪುರದ ಉತ್ತರಕ್ಕೆ ಮಾಕಳಿದುರ್ಗ, ದೇವನಹಳ್ಳಿಯಿಂದ ಕಣ್ಣೆತ್ತಿದರೆ ಕಾಣುವ 1478 ಮೀಟರ್ ಎತ್ತರದ ನಂದಿಗಿರಿ, ಹೊಸಕೋಟೆಯ ಬಯಲಿನಲ್ಲಿ ಹೊಲದ ನಡುವೆ ಆನೆಯಂತೆ ಮಲಗಿರುವ ಬಂಡೆಗಳು, ಇವೆಲ್ಲ ಆತನಿಗೆ ಸ್ಥೈರ್ಯದ ಪ್ರತಿಮೆಗಳು. ಮನೆಯ ಚಪ್ಪಡಿ, ಬೇಲಿಯ ಕಲ್ಲುಕಂಬ, ರುಬ್ಬುವ ಗುಂಡು, ದೇಗುಲದ ಕಂಬ ಎಲ್ಲವೂ ಇದೇ ಬಂಡೆಯಿಂದ ಎದ್ದವು. ದೇವನಹಳ್ಳಿ ತಾಲ್ಲೂಕಿನ ಕೊಯಿರದ ಕಲ್ಲು ಇಂದಿಗೂ ಹೆಸರುವಾಸಿ. ಇಂತಹ ನೆಲದ ಮೇಲೆ ನಿಂತು, ನೆಲವು ನಡೆಯುತ್ತದೆ ಎಂದು ಅಧ್ಯಾಪಕನು ಹೇಳಿದರೆ ಮಕ್ಕಳು ಮುಸಿಮುಸಿ ನಗುವುದರಲ್ಲಿ ಆಶ್ಚರ್ಯವೇನು?

ನಕ್ಕವರು ಮಕ್ಕಳು ಮಾತ್ರವಲ್ಲ. ಜರ್ಮನಿಯ ಆಲ್ಫ್ರೆಡ್ ವೆಗೆನರನು 1912ರಲ್ಲಿ ಖಂಡಗಳು ಒಮ್ಮೆ ಒಂದಾಗಿದ್ದು ಬಳಿಕ ಅಗಲಿದುವೆಂಬ ವಾದವನ್ನು ವಿದ್ವತ್ಸಭೆಯ ಮುಂದಿರಿಸಿದಾಗ ಅಂದಿನ ಪಂಡಿತರಲ್ಲಿ ಹಲವರು ಅದನ್ನು ತಳ್ಳಿಹಾಕಿದರು. ಖಂಡಗಳನ್ನು ನೂಕುವ ಬಲ ಯಾವುದೆಂಬ ಪ್ರಶ್ನೆಗೆ ಅವನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಆತನು ತೀರಿಕೊಂಡಾಗಲೂ ವಾದವು ಸಿದ್ಧಾಂತವಾಗಿರಲಿಲ್ಲ. ಸಾಗರತಳದ ಶೋಧನೆಯು ಮುಂದುವರಿದು, ಸಮುದ್ರದ ನಡುವಿನ ಪರ್ವತಶ್ರೇಣಿಗಳಲ್ಲಿ ಹೊಸ ನೆಲವು ಹುಟ್ಟುತ್ತಿದೆಯೆಂಬುದು 1960ರ ದಶಕದಲ್ಲಿ ಸ್ಪಷ್ಟವಾದ ಮೇಲೆ ಲೋಕವು ಅವನ ಮಾತಿಗೆ ತಲೆದೂಗಿತು. ವಿದ್ಯೆಯ ಇತಿಹಾಸದಲ್ಲಿ ಸತ್ಯವು ಹೇಳಿದವನ ಆಯುಸ್ಸಿಗಾಗಿ ಕಾಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಆ ಸಿದ್ಧಾಂತದ ಸಾರವು ಹೀಗಿದೆ. ಭೂಮಿಯ ಗಟ್ಟಿಯಾದ ಹೊರಕವಚವು ಅಖಂಡವಾಗಿಲ್ಲ. ಸರಾಸರಿ 100 ಕಿಲೋಮೀಟರ್ ದಪ್ಪದ, ಏಳು ದೊಡ್ಡ ಮತ್ತು ಹಲವು ಸಣ್ಣ ಫಲಕಗಳಾಗಿ ಅದು ಒಡೆದಿದೆ. ಅವುಗಳ ಕೆಳಗಿನ ಶಿಲೆಯು ತೀವ್ರವಾದ ಶಾಖದಿಂದ ಮೆತ್ತಗಾಗಿ ಅತ್ಯಂತ ಮಂದವಾಗಿ ಹರಿಯಬಲ್ಲದಾದುದರಿಂದ ಮೇಲಿನ ಫಲಕಗಳು ಸರಿಯುತ್ತವೆ. ಭಾರತವನ್ನು ಹೊತ್ತ ಫಲಕವು ಈಶಾನ್ಯಾಭಿಮುಖವಾಗಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಎಂದರೆ ಮೂರು ಬೆರಳಗಲದಷ್ಟು, ನಡೆಯುತ್ತಿದೆ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಒಂದು ಸುತ್ತು ಮುಗಿಯುವಷ್ಟರಲ್ಲಿ ಶಿವಗಂಗೆಯೂ ನಂದಿಯೂ, ಅವುಗಳ ತಪ್ಪಲಿನ ಊರುಕೇರಿಗಳೂ ಕೂಡಿ ಸುಮಾರು 3 ಮೀಟರ್ ದೂರ ಪ್ರಯಾಣ ಮಾಡಿರುತ್ತವೆ. ಹಡಗಿನಲ್ಲಿ ಕುಳಿತವನಿಗೆ ಹಡಗಿನ ಕಂಬಗಳೆಲ್ಲ ಸ್ಥಿರವಾಗಿಯೇ ತೋರುವಂತೆ, ಒಂದೇ ಫಲಕದ ಮೇಲಿರುವವರಿಗೆ ಈ ಯಾನವು ಗೋಚರವಾಗುವುದಿಲ್ಲ.

ಗೋಚರವಾಗುವುದು ಅಂಚುಗಳಲ್ಲಿ. ಹೊಲಗಳ ವ್ಯಾಜ್ಯವು ಬದುವಿನ ಬಳಿಯೇ ಹುಟ್ಟುವಂತೆ, ಭೂಮಿಯ ಕ್ಷೋಭೆಯೂ ಬಹುಮಟ್ಟಿಗೆ ಫಲಕಗಳ ಗಡಿಯಲ್ಲಿಯೇ ಹುಟ್ಟುತ್ತದೆ. ಆ ಗಡಿಗಳು ಮೂರು ಬಗೆ. ಎರಡು ಫಲಕಗಳು ಪರಸ್ಪರ ಅಗಲುವುದು ಒಂದು ಬಗೆ. ಅಲ್ಲಿ ಬಿರುಕಿನಿಂದ ಶಿಲಾರಸವು ಮೇಲೆದ್ದು ಹೆಪ್ಪುಗಟ್ಟಿ ಹೊಸ ನೆಲವಾಗುತ್ತದೆ. ಅಟ್ಲಾಂಟಿಕ್ ಸಾಗರದ ನಡುವಣ ಶ್ರೇಣಿ ಮತ್ತು ಅದರ ಮೇಲೆ ತಲೆಯೆತ್ತಿದ ಐಸ್‌ಲೆಂಡ್ ದ್ವೀಪ ಇದಕ್ಕೆ ಸಾಕ್ಷಿ. ಒಂದರ ಪಕ್ಕದಲ್ಲಿ ಮತ್ತೊಂದು ಉಜ್ಜಿಕೊಂಡು ಸರಿಯುವುದು ಎರಡನೆಯ ಬಗೆ. ಕ್ಯಾಲಿಫೋರ್ನಿಯದ ಸ್ಯಾನ್ ಆಂಡ್ರಿಯಾಸ್ ಬಿರುಕು ಅಂತಹುದು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಕೆಡವಿದ ಕಂಪವು ಅಲ್ಲಿಯದೇ. ಎದುರೆದುರಾಗಿ ಬಂದು ತಾಗುವುದು ಮೂರನೆಯ ಬಗೆ. ಭೂಕಂಪಗಳಲ್ಲಿ ಅತ್ಯುಗ್ರವಾದವು ಈ ಸಂಘಟ್ಟದಿಂದಲೇ ಉಂಟಾಗುತ್ತವೆ.

ಕಂಪನವೇಕೆ ಒಮ್ಮೆಲೇ ಬರುತ್ತದೆ? ಬಿದಿರಗಳುವನ್ನು ಎರಡು ಕೈಗಳಿಂದ ಬಗ್ಗಿಸುತ್ತ ಹೋದರೆ ಅದು ಬಹಳ ಹೊತ್ತು ಸಹಿಸಿಕೊಂಡು, ಸಹನೆಯ ಮೇರೆ ಮೀರಿದ ಕ್ಷಣದಲ್ಲಿ ಟಳ್ಳೆಂದು ಮುರಿಯುತ್ತದೆ. ಫಲಕಗಳ ಅಂಚಿನ ಶಿಲೆಗಳೂ ಹಾಗೆಯೇ ಒಂದಕ್ಕೊಂದು ಸಿಲುಕಿಕೊಂಡು, ಹಿಂದಿನಿಂದ ಬರುವ ಒತ್ತಡವನ್ನು ನೂರಾರು ವರ್ಷ ಹೊತ್ತು, ಕಟ್ಟಕಡೆಗೆ ಕೆಲವೇ ಕ್ಷಣಗಳಲ್ಲಿ ಜಾರುತ್ತವೆ. ಸಂಚಯವು ಶತಮಾನಗಳದು, ವ್ಯಯವು ನಿಮಿಷದ್ದು. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಸಮುದ್ರತಳವು ಹೀಗೆ ಜಾರಿದಾಗ ಎದ್ದ ಅಲೆಗಳು ಅಂಡಮಾನನ್ನೂ ತಮಿಳುನಾಡಿನ ತೀರವನ್ನೂ ಕೊಚ್ಚಿದುದು ಜನಮನದಿಂದ ಮಾಸಿಲ್ಲ.

ಜ್ವಾಲಾಮುಖಿಯ ಕಥೆ ಕೊಂಚ ಬೇರೆ. ಸಾಗರದ ಫಲಕವು ಭಾರವಾದುದರಿಂದ ಎದುರಿನ ಫಲಕದ ಕೆಳಗೆ ಮುಳುಗುತ್ತದೆ. ಮುಳುಗುವಾಗ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಆ ನೀರು ಬಿಡುಗಡೆಗೊಂಡು ಮೇಲಿನ ಬಿಸಿಶಿಲೆಯನ್ನು ಹೊಕ್ಕಾಗ ಶಿಲೆಯು ಕರಗುವ ಉಷ್ಣತೆಯು ತಗ್ಗಿ, ಶಿಲಾರಸವು ಹುಟ್ಟಿ ಮೇಲೇರುತ್ತದೆ. ಜಪಾನ್, ಇಂಡೋನೇಷ್ಯ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಬೆಂಕಿಯ ಬೆಟ್ಟಗಳು ಸಾಲುಗಟ್ಟಿ ನಿಂತಿರುವುದಕ್ಕೆ ಇದೇ ಕಾರಣ. ಭಾರತಕ್ಕೆ ಸೇರಿದ ಜೀವಂತ ಜ್ವಾಲಾಮುಖಿಯಾದ ಅಂಡಮಾನಿನ ಬ್ಯಾರನ್ ದ್ವೀಪವು 1991ರಲ್ಲಿ ದೀರ್ಘನಿದ್ರೆಯಿಂದ ಎದ್ದುದೂ ಅಂತಹ ಗಡಿಯ ಮೇಲೆಯೇ. ಹಾಗಾದರೆ ಹಿಮಾಲಯದಲ್ಲಿ ಭೂಕಂಪಗಳು ಇಷ್ಟೊಂದಿದ್ದೂ ಆ ಸಾಲುಸಾಲು ಜ್ವಾಲಾಮುಖಿಗಳೇಕೆ ಇಲ್ಲವೆಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಅಲ್ಲಿ ತಾಗಿದವು ಎರಡು ಭೂಖಂಡಗಳು. ಎರಡೂ ಹಗುರವಾದುದರಿಂದ ಯಾವುದೂ ಆಳಕ್ಕೆ ಮುಳುಗಲೊಲ್ಲದೆ, ಮಡಿಕೆ ಮಡಿಕೆಯಾಗಿ ಮೇಲೇರಿದವು. ಸುಮಾರು 5 ಕೋಟಿ ವರ್ಷಗಳ ಹಿಂದೆ ಆರಂಭವಾದ ಆ ಘರ್ಷಣೆ ಇನ್ನೂ ಮುಗಿದಿಲ್ಲ. 1934ರ ಬಿಹಾರ, 1950ರ ಅಸ್ಸಾಂ, 2015ರ ನೇಪಾಳದ ಭೂಕಂಪಗಳು ಅದರ ಮುಂದುವರಿಕೆಯೇ ಆಗಿವೆ. ಗಂಡಕಿ ನದಿಯಲ್ಲಿ ದೊರೆತು ಪೂಜಾಗೃಹಗಳಲ್ಲಿ ಕುಳಿತಿರುವ ಸಾಲಿಗ್ರಾಮಗಳಲ್ಲಿನ ಚಕ್ರದ ಗುರುತು, ಇಂದಿನ ಹಿಮಗಿರಿಯ ಸ್ಥಾನದಲ್ಲಿ ಅಂದು ಹರಡಿದ್ದ ಟೆಥಿಸ್ ಸಮುದ್ರದ ಜೀವಿಗಳ ಅವಶೇಷ. ಸಮುದ್ರವು ಶಿಖರವಾದ ಕಥೆಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು.

ಕರ್ನಾಟಕವು ಇಂದು ಯಾವ ಫಲಕದ ಅಂಚಿನಲ್ಲಿಯೂ ಇಲ್ಲ. ಆದರೆ ಹಳೆಯ ಅಂಚುಗಳ ಗಾಯದ ಗುರುತುಗಳು ಅದರ ಮೈಮೇಲೆ ಉಳಿದಿವೆ. ಆಫ್ರಿಕ, ಅಂಟಾರ್ಟಿಕ, ಆಸ್ಟ್ರೇಲಿಯಗಳೊಡನೆ ಗೋಂಡ್ವಾನವೆಂಬ ಮಹಾಖಂಡದಲ್ಲಿ ಒಂದಾಗಿದ್ದ ಭಾರತದಿಂದ ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಟ್ಟಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಅಗಲಿಕೆಯ ಕಾಲದ ಶಿಲಾರಸವು ತಣಿದು ಆದವು. ಪಡುವಣ ಘಟ್ಟದ ಕಡಿದಾದ ಗೋಡೆಯೂ ಹೀಗೆ ಒಡೆದು ಬೇರ್ಪಟ್ಟ ಅಂಚಿನ ಉತ್ತರಾಧಿಕಾರಿಯೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಫಲಕದ ಗಡಿಗೆ ಸಂಬಂಧಿಸದೆ ಆಳದಿಂದಲೇ ಎದ್ದ ಶಾಖದ ಸ್ತಂಭದ ದೆಸೆಯಿಂದ, ದಖ್ಖನ್ನಿನ ಮೇಲೆ ಲಾವಾ ಪದರಪದರವಾಗಿ ಹರಿಯಿತೆಂದು ಬಹುಮಂದಿ ವಿದ್ವಾಂಸರ ಮತ. ವಿಜಯಪುರ, ಕಲಬುರಗಿ, ಬೆಳಗಾವಿ ಸೀಮೆಯ ಕರಿಕಲ್ಲು ಅದರ ಫಲ. ಗೋಲಗುಮ್ಮಟವು ಎದ್ದು ನಿಂತಿರುವುದು ಒಂದು ಕಾಲದ ಅಗ್ನಿಪ್ರವಾಹದ ಕಲ್ಲಿನಿಂದಲೇ.

ಶಿವಗಂಗೆಯ ವಯಸ್ಸಿನ ಮುಂದೆ ಇವೆಲ್ಲ ನಿನ್ನೆಯ ಮಾತು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟ್ ಪಟ್ಟಿಯು ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿದೆ. ಸಾವನದುರ್ಗ, ಶಿವಗಂಗೆಗಳು ಅದರ ಶಿಖರಗಳು. ಅದರ ಪ್ರಾಯವು ಸುಮಾರು 250 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಾದರೋ ಸುಮಾರು 300 ಕೋಟಿ ವರ್ಷದ ವೃದ್ಧ. ಪೂರ್ವದ ಮತ್ತು ಪಶ್ಚಿಮದ ಎರಡು ಪ್ರಾಚೀನ ಭೂಭಾಗಗಳು ಸೇರಿದ ಕಾಲದಲ್ಲಿ ಆಳದಿಂದ ಎದ್ದ ಶಿಲಾರಸವು ಭೂಗರ್ಭದಲ್ಲಿಯೇ ಮೆಲ್ಲನೆ ತಣಿದು ಈ ಗ್ರಾನೈಟ್ ಆಯಿತೆಂದು ಅನೇಕ ಭೂವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಮಕ್ಕಳು ಪ್ರವಾಸಕ್ಕೆ ಹೋದಾಗ ಶಿವಗಂಗೆಯನ್ನು ಆರಿದ ಜ್ವಾಲಾಮುಖಿಯೆಂದು ಭಾವಿಸುವುದುಂಟು. ಅದು ಎಂದೂ ಬೆಂಕಿಯುಗುಳಿದ ಬೆಟ್ಟವಲ್ಲ. ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಶಿಲೆಯನ್ನು ಮಳೆ, ಬಿಸಿಲು, ಗಾಳಿಗಳು ಸವೆಸಿ ತೆಗೆದ ಮೇಲೆ, ಸವೆಯಲೊಪ್ಪದೆ ಉಳಿದದ್ದು ಬೆಟ್ಟವಾಗಿ ಕಾಣುತ್ತಿದೆ. ಹಿಮಾಲಯವು ಎದ್ದು ನಿಂತ ಪರ್ವತ, ಶಿವಗಂಗೆಯು ಉಳಿದು ನಿಂತ ಪರ್ವತ. ನಂದಿಯ ಸುತ್ತಮುತ್ತ ಹುಟ್ಟುವ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಆ ಸವೆತದ ಕಾಯಕವನ್ನು ಇಂದಿಗೂ ನಡೆಸುತ್ತಿವೆ.

ಪರ್ವತಗಳಿಗೆ ಹಿಂದೆ ರೆಕ್ಕೆಗಳಿದ್ದವೆಂದೂ ಇಂದ್ರನು ಅವನ್ನು ಕತ್ತರಿಸಿದನೆಂದೂ, ಮೈನಾಕವೊಂದು ತಪ್ಪಿಸಿಕೊಂಡು ಸಮುದ್ರದಲ್ಲಡಗಿತೆಂದೂ ಪುರಾಣವು ಹೇಳುತ್ತದೆ. ಇದನ್ನು ಹಿಡಿದು, ಫಲಕಸಿದ್ಧಾಂತವು ಪ್ರಾಚೀನರಿಗೆ ತಿಳಿದೇ ಇತ್ತೆಂದು ಸಾಧಿಸಹೊರಡುವವರಿದ್ದಾರೆ. ಅಂತಹ ಸಾಧನೆಯು ಪುರಾಣಕ್ಕೂ ವಿಜ್ಞಾನಕ್ಕೂ ಅಪಚಾರ. ಕವಿಯು ಕಂಡದ್ದು ಒಂದು ಭವ್ಯಕಲ್ಪನೆ. ವಿಜ್ಞಾನಿಯು ತಂದದ್ದು ಅಳತೆ. ಕಲ್ಪನೆಯು ಮಗುವಿನ ಕುತೂಹಲವನ್ನು ಎಚ್ಚರಿಸಲಿ, ಅಳತೆಯು ಅದನ್ನು ತಣಿಸಲಿ. ಒಂದರ ಆಸನದಲ್ಲಿ ಇನ್ನೊಂದನ್ನು ಕೂರಿಸುವುದು ಅಧ್ಯಾಪಕನ ಧರ್ಮವಲ್ಲ.

ಅಳತೆಯ ಸ್ಥಾನವೊಂದು ಈ ಸೀಮೆಗೆ ಅತ್ಯಂತ ಸಮೀಪದಲ್ಲಿಯೇ ಇದೆ. ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಮಾಕಳಿದುರ್ಗವನ್ನು ದಾಟಿ ಮುಂದುವರಿದರೆ ಸಿಗುವ ಗೌರಿಬಿದನೂರಿನಲ್ಲಿ, 1960ರ ದಶಕದಲ್ಲಿ, ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಸಹಕಾರದೊಡನೆ ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿತು. ದೂರದೇಶಗಳ ನೆಲದೊಳಗಿನ ಅಣುಸ್ಫೋಟಗಳನ್ನೂ ಭೂಕಂಪಗಳನ್ನೂ ಆಲಿಸುವುದು ಅದರ ಕಾರ್ಯ. ಗಟ್ಟಿಯಾದ ಪ್ರಾಚೀನ ಶಿಲೆ, ಕಡಲಿನ ಮೊರೆತದಿಂದ ದೂರ, ನೆಲದಲ್ಲಿ ನಿಶ್ಶಬ್ದ, ಇವು ಅಂತಹ ಕಾರ್ಯಕ್ಕೆ ಬೇಕಾದ ಗುಣಗಳು. ಗದ್ದಲ ಮಾಡುವವನಿಗೆ ಪರರ ಮಾತು ಕೇಳಿಸದು. ಸುಮ್ಮನಿರುವವನಿಗೆ ಪಿಸುಮಾತೂ ಕೇಳಿಸೀತು. ಅಚಲವಾದ ನೆಲವೇ ಲೋಕದ ಚಲನೆಯನ್ನು ಅರಿಯಲು ತಕ್ಕ ಸ್ಥಾನವಾಯಿತೆಂಬುದು ಎಷ್ಟು ಅರ್ಥಪೂರ್ಣ!

ಆದರೆ ಅಚಲವೆಂಬ ಹೆಸರನ್ನು ಅಭಯಪತ್ರವೆಂದು ಎಣಿಸಬಾರದು. ಗಡಿಯಲ್ಲಿ ಹುಟ್ಟಿದ ಒತ್ತಡವು ಫಲಕದ ಒಡಲಿಗೂ ಹರಿದು ಬರುತ್ತದೆ. ಒಡಲಿನಲ್ಲಿ ಹಳೆಯ ಬಿರುಕುಗಳಿದ್ದರೆ ಅವು ಎಂದಾದರೊಮ್ಮೆ ಜಾರುತ್ತವೆ. 1900ರಲ್ಲಿ ಕೊಯಮತ್ತೂರು, 1967ರಲ್ಲಿ ಜಲಾಶಯದ ನೆರೆಯ ಕೊಯ್ನಾ ನಡುಗಿದವು. 1984ರ ಮಾರ್ಚಿಯಲ್ಲಿ ಬೆಂಗಳೂರು ಸೀಮೆಯೂ ಕಂಪಿಸಿತು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ 3ರ ಆಸುಪಾಸಿನ ಕಿರುಕಂಪನಗಳಾದವು. ಇವುಗಳಲ್ಲಿ ಮರೆಯಲಾಗದ ಪಾಠವು ಕಿಲ್ಲಾರಿಯದು. ಕರ್ನಾಟಕದ ಗಡಿಗೆ ಅನತಿದೂರದ ಆ ಪ್ರದೇಶವು ಅಂದಿನ ನಕ್ಷೆಯಲ್ಲಿ ಅತ್ಯಂತ ಕಡಮೆ ಅಪಾಯದ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದಾಗ ನೆಲವು ನಡುಗಿ, ಹತ್ತು ಸಾವಿರಕ್ಕೆ ಸಮೀಪದಷ್ಟು ಮಂದಿ ಸತ್ತರು. ಅವರನ್ನು ಕೊಂದದ್ದು ಭೂಮಿಯಲ್ಲ. ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿದ್ದ ಭಾರವಾದ ಮಾಳಿಗೆಗಳೂ. ಏಳು ವರ್ಷಗಳ ಬಳಿಕ, 2001ರ ಜನವರಿ 26ರಂದು, ಕಚ್ಛದ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೂ ಅಧ್ಯಾಪಕರ ಮೇಲೂ ಇಕ್ಕೆಲದ ಕಟ್ಟಡಗಳು ಕುಸಿದುವು. ಕೈಯಲ್ಲಿ ಬಾವುಟ ಹಿಡಿದಿದ್ದ ಮಕ್ಕಳು ಮನೆಗೆ ಮರಳಲಿಲ್ಲ. ಶಾಲೆಗಳನ್ನು ನಡೆಸುವವರಿಗೂ ಅವುಗಳಿಗೆ ನೆರವಾಗುವವರಿಗೂ ಇದಕ್ಕಿಂತ ಹೆಚ್ಚಿನ ಉಪದೇಶವು ಬೇಕೆ?

2002ರ ಪರಿಷ್ಕರಣದಲ್ಲಿ ಅತಿ ಕಡಮೆ ಅಪಾಯದ್ದೆಂಬ ಒಂದನೆಯ ವಲಯವನ್ನೇ ಕೈಬಿಟ್ಟು ಎರಡನೆಯದರಲ್ಲಿ ಸೇರಿಸಲಾಯಿತು. ಬೆಂಗಳೂರು ಸೀಮೆಯು ಆ ಎರಡನೆಯ ವಲಯದಲ್ಲಿ ಬಂದಿತು. ಎಂದರೆ ಭಾರತದ ನೆಲದಲ್ಲಿ ಸಂಪೂರ್ಣ ನಿರ್ಭೀತವಾದ ವಲಯವೆಂಬುದಿಲ್ಲವೆಂದು ಶಾಸ್ತ್ರವೇ ಒಪ್ಪಿದಂತಾಯಿತು. ಪರಿಹಾರವು ದುಬಾರಿಯದಲ್ಲ. ಪಾಯದ ಮೇಲೆ, ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮತ್ತು ಮಾಳಿಗೆಯ ಕೆಳಗೆ ಕಟ್ಟಡದ ಸುತ್ತಲೂ ಬಿಡದೆ ಕಬ್ಬಿಣ ಸೇರಿಸಿದ ಕಾಂಕ್ರೀಟಿನ ಪಟ್ಟಿಗಳನ್ನು ಕಟ್ಟುವುದು, ಮೂಲೆಗಳನ್ನು ಬಿಗಿಯುವುದು, ಕಲ್ಲುಗೋಡೆಯ ಎರಡೂ ಮುಖಗಳನ್ನು ಹಿಡಿದು ನಿಲ್ಲುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡುವುದು, ನಡುಕವು ಬಂದರೆ ನುಗ್ಗದೆ ಮೇಜಿನ ಕೆಳಗೆ ತಲೆಯನ್ನು ಕಾಯ್ದುಕೊಂಡು, ನಿಂತ ಮೇಲೆ ಬಯಲಿಗೆ ಬರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುವುದು, ಇಷ್ಟೇ. ದಾನಿಯ ಹೆಸರನ್ನು ಕೆತ್ತಿದ ಕಲ್ಲು ಹೆಬ್ಬಾಗಿಲಿನಲ್ಲಿ ಎಲ್ಲರಿಗೂ ಕಾಣುತ್ತದೆ. ಗೋಡೆಯೊಳಗಿನ ಪಟ್ಟಿಯು ಯಾರಿಗೂ ಕಾಣುವುದಿಲ್ಲ. ಆದರೆ ಮಕ್ಕಳ ತಲೆಯನ್ನು ಕಾಯುವುದು ಕಾಣದ ದಾನವೇ.

ಸರ್ವಂಸಹೆ, ಕ್ಷಮೆ ಎಂಬ ಹೆಸರುಗಳು ಸುಳ್ಳಾಗಿಲ್ಲ. ಆಕೆಯು ಸಹಿಸುವುದು ನಿಜ, ಸಹನೆಗೆ ಮೇರೆಯಿರುವುದೂ ನಿಜ. ಶಿವಗಂಗೆಯ ಬಂಡೆಯನ್ನು ಹತ್ತುವ ವಿದ್ಯಾರ್ಥಿಗೆ ಅಧ್ಯಾಪಕನು ಈ ಎರಡನ್ನೂ ಹೇಳಿಕೊಡಲಿ: ಪಾದದ ಕೆಳಗಿನದು 250 ಕೋಟಿ ವರ್ಷ ನಿಂತ ಕಲ್ಲು, ಅದೂ ಈ ಗಳಿಗೆಯಲ್ಲಿ ಈಶಾನ್ಯದ ಕಡೆಗೆ ನಡೆಯುತ್ತಿದೆ.