ಗೋಲಾದ ಬಂಕಿನಲ್ಲಿ ಒಂದು ಜಾರು ಡೀಸೆಲ್

ಸುತ್ತ ಕಣ್ಣು ಹಾಯುವವರೆಗೂ ಕಬ್ಬು. ನೀವು ನಿಂತಿರುವುದು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಗೋಲಾ ಗೋಕರ್ಣನಾಥದಲ್ಲಿ. ರಾವಣನ ಕೈತಪ್ಪಿ ನೆಲ ಸೇರಿದ ಲಿಂಗದ ಕಥೆಯನ್ನು ನಮ್ಮ ಗೋಕರ್ಣದವರ ಹಾಗೆಯೇ ಇಲ್ಲಿನವರೂ ಹೇಳುತ್ತಾರೆ. ಹೆಸರು ಕಿವಿಗೆ ಬಿದ್ದರೆ ಕನ್ನಡಿಗರಿಗೆ ಊರು ದೂರದ್ದೆನಿಸುವುದಿಲ್ಲ. 2005ರ ನವೆಂಬರ್ ತಿಂಗಳು. ರಸ್ತೆಬದಿಯ ಬಂಕಿನಲ್ಲಿ ಲಾರಿಯೊಂದು ಡೀಸೆಲ್ ತುಂಬಿಸಿಕೊಂಡು ಹೊರಟಿದೆ.

ಗಾಜಿನ ಜಾರು ನಿಮ್ಮ ಕೈಯಲ್ಲಿದೆ. ಅರ್ಧ ಲೀಟರ್ ಹಿಡಿಯಿರಿ. ಹೈಡ್ರೋಮೀಟರನ್ನು ಮೆಲ್ಲಗೆ ಇಳಿಬಿಡಿ. ಒಂದೆರಡು ಸಲ ಕುಣಿದು ನಿಲ್ಲುತ್ತದೆ. ಬಗ್ಗಿ, ಕಣ್ಣನ್ನು ಎಣ್ಣೆಯ ಮಟ್ಟಕ್ಕೆ ತಂದು ಅಂಕಿ ಓದಿ. ಥರ್ಮಾಮೀಟರನ್ನೂ ನೋಡಿ. ಎರಡನ್ನೂ ಕೋಷ್ಟಕದಲ್ಲಿ ಹುಡುಕಿದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಎಣ್ಣೆಯ ಸಾಂದ್ರತೆ ಎಷ್ಟೆಂದು ಸಿಗುತ್ತದೆ. ಟ್ಯಾಂಕರ್ ಬಂದಾಗ ಬರೆದಿಟ್ಟ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಕಳ್ಳಗಂಡಿ ಇರುವುದೇ ಆ ಮೂರರಲ್ಲಿ. ಡೀಸೆಲ್‌ನ ಸಾಂದ್ರತೆ 830 ಎನ್ನಿ, ಸೀಮೆಎಣ್ಣೆಯದು 800. ತೊಂಬತ್ತು ಲೀಟರ್ ಡೀಸೆಲ್‌ಗೆ ಹತ್ತು ಲೀಟರ್ ಸೀಮೆಎಣ್ಣೆ ಸುರಿದರೆ ಬರುವುದು 827. ನಿಮ್ಮ ಹೈಡ್ರೋಮೀಟರ್ ‘ಸರಿಯಿದೆ’ ಎನ್ನುತ್ತದೆ. ಮೂಗಿಗೆ ಹಿಡಿದರೆ ಅನುಮಾನ ಬರಬಹುದು, ಆದರೆ ಮೂಗಿನ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಈ ಹೊತ್ತಿಗೆ ಪಡಿತರ ಸೀಮೆಎಣ್ಣೆ ಲೀಟರಿಗೆ ಸುಮಾರು 9 ರೂಪಾಯಿ, ಡೀಸೆಲ್ ಸುಮಾರು 30. ಕಲಬೆರಕೆಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸಿಗೆ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಸಿಗುತ್ತದೆ; ಅವಳ ಮನೆಯ ದೀಪದ ಎಣ್ಣೆ ಯಾವುದೋ ಲಾರಿಯ ಎಂಜಿನ್ನಿನಲ್ಲಿ ಉರಿಯುತ್ತಿರುತ್ತದೆ. ಪಡಿತರ ಸೀಮೆಎಣ್ಣೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಹೀಗೆ ದಾರಿ ತಪ್ಪುತ್ತಿದೆ ಎಂದು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಅದೇ ವರ್ಷ ಲೆಕ್ಕ ಹಾಕಿತ್ತು. ಗುರುತಿಗೆಂದು ಆ ಎಣ್ಣೆಗೆ ನೀಲಿ ಬಣ್ಣ ಹಾಕಿದ್ದರು, ನಿಜ. ಆದರೆ ಹಳದಿ ಡೀಸೆಲ್‌ನಲ್ಲಿ ಸ್ವಲ್ಪ ನೀಲಿ ಕರಗಿದರೆ ಯಾರ ಕಣ್ಣಿಗೆ ಬೀಳುತ್ತದೆ?

ಈಗ ಕತ್ತಲಾಗಿದೆ. ನವೆಂಬರ್ 19, ಶನಿವಾರ. ಇದೇ ಊರಿನ ಬಂಕೊಂದಕ್ಕೆ ಇಂಡಿಯನ್ ಆಯಿಲ್‌ನ ಮಾರಾಟ ಅಧಿಕಾರಿ ಮಂಜುನಾಥ ಷಣ್ಮುಗಂ ಬಂದಿದ್ದಾರೆ. ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಬೆಳೆದವರು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಆಮೇಲೆ ಲಖನೌ ಐಐಎಂನಲ್ಲಿ ಓದಿದವರು. ವಯಸ್ಸು 27. ಕಲಬೆರಕೆಗಾಗಿ ಹಿಂದೆ ತಾವೇ ಸೀಲ್ ಹಾಕಿಸಿದ್ದ ಬಂಕು ಅದು. ಮತ್ತೆ ಸ್ಯಾಂಪಲ್ ತೆಗೆಯಬೇಕು. ಆ ರಾತ್ರಿ ಅವರನ್ನು ಗುಂಡಿಟ್ಟು ಕೊಂದರು. ಅವರದೇ ಕಾರಿನ ಹಿಂಬದಿಯಲ್ಲಿ ಶವವಿಟ್ಟು ಸಾಗಿಸುತ್ತಿದ್ದಾಗ ಪಕ್ಕದ ಸೀತಾಪುರ ಜಿಲ್ಲೆಯಲ್ಲಿ ಪೊಲೀಸರ ಕೈಗೆ ಸಿಕ್ಕಿತು.

ಒಂದು ವರ್ಷ ಮುಂದಕ್ಕೆ ಬನ್ನಿ. 2006ರ ಅಕ್ಟೋಬರ್‌ನಿಂದ ದೇಶದ ಪಡಿತರ ಸೀಮೆಎಣ್ಣೆಗೆ ನೀಲಿಯ ಜೊತೆಗೆ ಇನ್ನೊಂದು ವಸ್ತು ಸೇರುತ್ತಿದೆ. ಟ್ಯಾಂಕರಿನ ಮುಚ್ಚಳ ತೆಗೆದು ಇಣುಕಿ: ಏನೂ ಕಾಣುವುದಿಲ್ಲ. ಇದೇ ಮಾರ್ಕರ್. ಇಂಥ ವಸ್ತುಗಳನ್ನು ಹತ್ತು ಲಕ್ಷ ಭಾಗ ಎಣ್ಣೆಗೆ ಕೆಲವೇ ಭಾಗದಷ್ಟು ಬೆರೆಸುತ್ತಾರೆ. ಎಂಜಿನ್ನಿಗೆ ತೊಂದರೆಯಿಲ್ಲ, ದೀಪಕ್ಕೂ ಇಲ್ಲ. ಗುರುತು ಹಾಕುವುದು ಅಗ್ಗದ ಎಣ್ಣೆಗೆ. ಬಂಕಿನ ಡೀಸೆಲ್‌ನಲ್ಲಿ ಆ ಗುರುತು ಸಿಕ್ಕಿತೆಂದರೆ ಸಾಂದ್ರತೆ 827 ಇರಲಿ, 830 ಇರಲಿ, ಕಳವು ಸಾಬೀತು. ನನಗೆ ಈ ಯೋಚನೆ ಇಷ್ಟವಾಗುವುದು ಇದಕ್ಕೇ: ಆ ಅಣುವನ್ನು ಯಾರೂ ಹೆದರಿಸಲಾರರು, ಅದಕ್ಕೆ ಲಂಚ ಕೊಡಲಾರರು.

ಅಣು ಹೇಗೆ ಬಾಯಿಬಿಡುತ್ತದೆ? ಅದನ್ನು ನೋಡಲು ಉತ್ತರ ಐರ್ಲೆಂಡಿನ ಗಡಿಯ ಕಡೆ ಒಂದು ಕ್ಷಣ ಹೋಗೋಣ. ಬ್ರಿಟನ್ನಿನಲ್ಲಿ ಟ್ರ್ಯಾಕ್ಟರಿಗೆ ತೆರಿಗೆ ಕಡಿಮೆಯಿರುವ ಕೆಂಪು ಡೀಸೆಲ್ ಇದೆ. ಹಾಗೆಯೇ ತೆರಿಗೆ ಕಡಿಮೆಯಿರುವ ಸೀಮೆಎಣ್ಣೆಯೂ ಇದೆ; ಆ ಸೀಮೆಎಣ್ಣೆಯಲ್ಲಿ ಕೌಮರಿನ್ ಎಂಬ ಮಾರ್ಕರ್ ಇರುತ್ತದೆ. ಒಣಹುಲ್ಲಿಗೆ ಸಿಹಿ ಪರಿಮಳ ಕೊಡುವ ವಸ್ತುವೇ ಅದು. ಲಾರಿಯ ಟ್ಯಾಂಕಿನಿಂದ ತೆಗೆದ ಎಣ್ಣೆಗೆ ಕ್ಷಾರ ಬೆರೆಸಿ, ಕುಲುಕಿ, ಕತ್ತಲಲ್ಲಿ ಅತಿನೇರಳೆ ದೀಪ ಹಿಡಿಯಿರಿ. ಸೀಸೆ ಹಸಿರಾಗಿ ಹೊಳೆಯುತ್ತದೆ.

ಆದರೆ ಕಳ್ಳರೂ ರಸಾಯನಶಾಸ್ತ್ರ ಕಲಿತರು. ಅದೇ ಗಡಿಯ ಕೊಟ್ಟಿಗೆಗಳಲ್ಲಿ ಆಮ್ಲದಿಂದಲೋ, ಬೆಕ್ಕಿನ ಮಲ ಹೀರಲು ಬಳಸುವ ಜೇಡಿಮಣ್ಣಿನಿಂದಲೋ ಎಣ್ಣೆಯನ್ನು ತೊಳೆದು ಬಣ್ಣ, ಮಾರ್ಕರ್ ಎರಡನ್ನೂ ತೆಗೆಯುತ್ತಿದ್ದರು. ಉಳಿದ ವಿಷದ ಕೆಸರನ್ನು ಹಳ್ಳಿಯ ರಸ್ತೆಬದಿಗೆ ಎಸೆದು ಹೋಗುತ್ತಿದ್ದರು. ಸುಲಭಕ್ಕೆ ತೊಳೆದುಹೋಗದ ಹೊಸ ಮಾರ್ಕರನ್ನು ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ತಂದದ್ದು 2015ರ ಏಪ್ರಿಲ್‌ನಲ್ಲಿ. ನಮ್ಮಲ್ಲೂ ಮಾರ್ಕರನ್ನು ಎಣ್ಣೆಯಿಂದ ತೆಗೆದುಹಾಕಬಹುದು ಎಂಬ ದೂರುಗಳೆದ್ದವು. 2008ರ ಕೊನೆಗೆ ಆ ವ್ಯವಸ್ಥೆ ನಿಂತೇಹೋಯಿತು. ಅವರು ಗುರುತು ಬದಲಿಸಿದರು, ನಾವು ಗುರುತನ್ನೇ ಕೈಬಿಟ್ಟೆವು. ಅದು ತಪ್ಪು ಎಂದೇ ನನ್ನ ಅಭಿಪ್ರಾಯ.

ಮಂಜುನಾಥರ ಕೊಲೆ ಪ್ರಕರಣದಲ್ಲಿ ಆರು ಜನರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಈಗ ನಿಮ್ಮೂರಿನ ಬಂಕಿಗೆ ವಾಪಸು ಬನ್ನಿ. ಜಾರು, ಹೈಡ್ರೋಮೀಟರ್, ಫಿಲ್ಟರ್ ಪೇಪರ್ ಅಲ್ಲಿ ಇರಲೇಬೇಕು. ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಅಲ್ಪಸ್ವಲ್ಪ ಕಲಬೆರಕೆ ತಪ್ಪಿಸಿಕೊಂಡರೂ ದೊಡ್ಡದು ಅಷ್ಟರಲ್ಲೇ ಸಿಕ್ಕಿಬೀಳುತ್ತದೆ. ಮುಂದಿನ ಸಲ ಟ್ಯಾಂಕು ತುಂಬಿಸುವ ಮೊದಲು ಒಮ್ಮೆ ಕೇಳಿ. ಬಗ್ಗಿ, ಅಂಕಿಯನ್ನು ನೀವೇ ಓದಿ.